ಕಡಲ ಮೇಲೆ ದಿಗಂತ ಕಾಣದಾದಾಗ

ಅದು 2015ರ ಮಾರ್ಚ್ 24ರ ರಾತ್ರಿ. ಗೋವಾದ ದಾಬೋಲಿಮ್‌ನಲ್ಲಿರುವ ನೌಕಾಪಡೆಯ ವಾಯುನೆಲೆ ಐಎನ್‌ಎಸ್ ಹಂಸದಿಂದ ಹೊರಟಿದ್ದ ಡಾರ್ನಿಯರ್-228 ವಿಮಾನವೊಂದು ಅರಬ್ಬಿ ಸಮುದ್ರದ ಮೇಲೆ ತರಬೇತಿ ಹಾರಾಟದಲ್ಲಿತ್ತು. ಎರಡು ಎಂಜಿನ್ನುಗಳ, ಹತ್ತೊಂಬತ್ತು ಜನ ಕೂರಬಹುದಾದ ಈ ಲಘು ವಿಮಾನವನ್ನು ನಮ್ಮದೇ ಎಚ್‌ಎಎಲ್ ಸಂಸ್ಥೆ ಕಾನಪುರದಲ್ಲಿ ತಯಾರಿಸುತ್ತದೆ. ಅಂದು ಅದರಲ್ಲಿದ್ದವರು ಮೂವರೇ. ಕಮಾಂಡರ್ ನಿಖಿಲ್ ಜೋಶಿ, ಲೆಫ್ಟಿನೆಂಟ್ ಅಭಿನವ್ ನಾಗೋರಿ ಮತ್ತು ವೀಕ್ಷಕಿಯಾಗಿದ್ದ ಲೆಫ್ಟಿನೆಂಟ್ ಕಿರಣ್ ಶೆಖಾವತ್. ರಾತ್ರಿ ಹತ್ತು ಗಂಟೆ ದಾಟಿದ ಸ್ವಲ್ಪ ಹೊತ್ತಿನಲ್ಲೇ ವಿಮಾನ ಕಡಲಿಗೆ ಬಿತ್ತು. ಗೋವಾದಿಂದ ನೈರುತ್ಯಕ್ಕೆ ಸುಮಾರು 25 ನಾಟಿಕಲ್ ಮೈಲಿ, ಎಂದರೆ 46 ಕಿಲೋಮೀಟರ್ ದೂರದಲ್ಲಿ.

ಕಮಾಂಡರ್ ಜೋಶಿಯವರನ್ನು ಮೀನುಗಾರರ ದೋಣಿಯೊಂದು ಎತ್ತಿಕೊಂಡಿತು. ಉಳಿದಿಬ್ಬರಿಗಾಗಿ ಹಡಗುಗಳೂ ವಿಮಾನಗಳೂ ಹುಡುಕಾಡಿದವು. ನೌಕಾಪಡೆಯ ಸಮೀಕ್ಷಾ ಹಡಗು ಐಎನ್‌ಎಸ್ ಮಕರ್ ಧ್ವನಿತರಂಗಗಳ ನೆರವಿನಿಂದ ಕಡಲ ತಳವನ್ನು ಜಾಲಾಡಿ, ಐವತ್ತು ಅರವತ್ತು ಮೀಟರ್ ಆಳದಲ್ಲಿ ವಿಮಾನದ ಒಡಲನ್ನು ಪತ್ತೆ ಮಾಡಿತು. ಮಾರ್ಚ್ 26ರಂದು ಕಿರಣ್ ಅವರ ದೇಹ ಅದರೊಳಗೆ ಸಿಕ್ಕಿತು. ಆಮೇಲೆ ಅಭಿನವ್ ಅವರದೂ ದೊರೆಯಿತು. ಕಿರಣ್‌ಗೆ ಆಗ 26 ವರ್ಷ. ಎರಡು ತಿಂಗಳ ಹಿಂದಷ್ಟೇ ದೆಹಲಿಯ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ನೌಕಾಪಡೆಯ ಮಹಿಳಾ ತುಕಡಿಯಲ್ಲಿ ಹೆಜ್ಜೆ ಹಾಕಿದ್ದವರು. ತಂದೆ ನೌಕಾಪಡೆಯವರು, ಪತಿಯೂ ನೌಕಾಪಡೆಯವರೇ. ಕರ್ತವ್ಯದಲ್ಲಿದ್ದಾಗ ಪ್ರಾಣ ತೆತ್ತ ನಮ್ಮ ನೌಕಾಪಡೆಯ ಮೊದಲ ಮಹಿಳಾ ಅಧಿಕಾರಿ ಎಂದು ಅವರ ಹೆಸರು ದಾಖಲಾಯಿತು.

ಕಡಲಿನಿಂದ ಇಷ್ಟು ದೂರದಲ್ಲಿ, ತುಮಕೂರು–ಶಿರಾ ಹೆದ್ದಾರಿಯ ಪಕ್ಕದ ಕೋರದಲ್ಲಿ ಕುಳಿತು ಈ ಕಥೆ ಏಕೆ ಓದಬೇಕು ಎಂದು ಕೇಳಬಹುದು. ಕೋರದ ಮಕ್ಕಳಿಗೆ ನೀರೆಂದರೆ ಕೆರೆಯ ನೀರು. ಕಡಲು ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೆ ಆಕಾಶ ಈಗ ಮೊದಲಿನಷ್ಟು ದೂರವಿಲ್ಲ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಮೂರು ಟನ್ ವರ್ಗದ ಲಘು ಹೆಲಿಕಾಪ್ಟರುಗಳಿಗಾಗಿ ಕಟ್ಟಿದ ಕಾರ್ಖಾನೆ ಅದು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ವಿಮಾನ ಚಾಲನಾ ತರಬೇತಿ ಶಾಲೆಯಿದೆ. ‘ನಾನು ಪೈಲಟ್ ಆಗುತ್ತೇನೆ’ ಎಂದು ಹೈಸ್ಕೂಲು ಹುಡುಗಿಯೊಬ್ಬಳು ಹೇಳಿದರೆ ಈಗ ಯಾರೂ ನಗುವುದಿಲ್ಲ. ನಗದಿದ್ದರೂ ಮನೆಯಲ್ಲಿ ತಾಯಿಯ ಎದೆ ಮಾತ್ರ ಡವಗುಟ್ಟುತ್ತದೆ. ಆ ಹುಡುಗಿಗೂ ಆ ತಾಯಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳು ಕಡಲ ಅಪಘಾತಗಳ ತನಿಖೆಗಳಲ್ಲಿ ಅಡಗಿವೆ.

ಕಡಲ ಮೇಲೆ ಹಾರುವ ಪುಟ್ಟ ವಿಮಾನದ ಮುಂದೆ ಯಾವಾಗಲೂ ಮೂರು ಪ್ರಶ್ನೆಗಳಿರುತ್ತವೆ. ಮೇಲು ಯಾವುದು, ಕೆಳಗು ಯಾವುದು? ನೀರಿಗೆ ಬಿದ್ದರೆ ಹೊರಬರುವುದು ಹೇಗೆ? ಹೊರಬಂದರೆ ಹುಡುಕುವವರಿಗೆ ಗೊತ್ತಾಗುವುದು ಹೇಗೆ?

ಮೇಲು ಯಾವುದು, ಕೆಳಗು ಯಾವುದು?

ಇದೆಂಥ ಪ್ರಶ್ನೆ ಎನಿಸಬಹುದು. ಹಗಲಿನಲ್ಲಿ ಹಾರುವ ಚಾಲಕನಿಗೆ ಇದು ಪ್ರಶ್ನೆಯೇ ಅಲ್ಲ. ನೆಲವೂ ಆಕಾಶವೂ ಕೂಡುವ ಗೆರೆ, ಅಂದರೆ ದಿಗಂತ, ಕಣ್ಣೆದುರಿಗೇ ಇರುತ್ತದೆ. ವಿಮಾನ ಕೊಂಚ ಎಡಕ್ಕೆ ವಾಲಿದರೂ ಆ ಗೆರೆ ಓರೆಯಾಗುತ್ತದೆ, ಕೈ ತಾನಾಗಿಯೇ ಸರಿಪಡಿಸುತ್ತದೆ. ನೆಲದ ಮೇಲೆ ರಾತ್ರಿ ಹಾರುವಾಗಲೂ ಊರುಗಳ ದೀಪ, ಹೆದ್ದಾರಿಯ ದೀಪ ಸ್ವಲ್ಪ ಆಸರೆ ಕೊಡುತ್ತವೆ. ಕಡಲ ಮೇಲೆ ಅದೂ ಇಲ್ಲ. ಚಂದ್ರನಿಲ್ಲದ ರಾತ್ರಿ, ಮೇಲೊಂದಿಷ್ಟು ಮಂಜು. ಕಪ್ಪು ನೀರು, ಕಪ್ಪು ಆಕಾಶ, ನಡುವೆ ಗೆರೆಯೇ ಇಲ್ಲ. ಮೀನುಗಾರರ ದೋಣಿಯ ಒಂಟಿ ದೀಪವನ್ನು ನಕ್ಷತ್ರವೆಂದು ತಿಳಿಯುವುದೂ ಉಂಟು.

ಕಣ್ಣು ಕೈಕೊಟ್ಟರೇನು, ದೇಹಕ್ಕೆ ಗೊತ್ತಾಗುವುದಿಲ್ಲವೇ? ಒಂದು ಪ್ರಯೋಗ ಮಾಡಿ ನೋಡಿ. ಕಚೇರಿಯಲ್ಲಿರುವಂಥ ತಿರುಗುವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಗೆಳೆಯನೊಬ್ಬ ಕುರ್ಚಿಯನ್ನು ಒಂದೇ ವೇಗದಲ್ಲಿ, ನಿಧಾನವಾಗಿ ತಿರುಗಿಸುತ್ತಿರಲಿ. ಬೀಳದಂತೆ ಇನ್ನೊಬ್ಬ ಪಕ್ಕದಲ್ಲಿರಲಿ. ಮೊದಲಿಗೆ ತಿರುಗುತ್ತಿರುವುದು ಗೊತ್ತಾಗುತ್ತದೆ. ಇಪ್ಪತ್ತು ಸೆಕೆಂಡು ಕಳೆಯುವಷ್ಟರಲ್ಲಿ ಕುರ್ಚಿ ನಿಂತೇ ಹೋಯಿತೆನಿಸುತ್ತದೆ. ಈಗ ಗೆಳೆಯ ಕುರ್ಚಿಯನ್ನು ನಿಜವಾಗಿ ನಿಲ್ಲಿಸಲಿ. ನೀವು ಹಿಮ್ಮುಖವಾಗಿ ತಿರುಗುತ್ತಿದ್ದೀರೆಂದು ಆಣೆ ಮಾಡಿ ಹೇಳುತ್ತೀರಿ! ಅಪ್ಪಾಲೆ ತಿಪ್ಪಾಲೆ ಆಡಿ ನಿಂತ ಮಗುವಿಗೆ ಅಂಗಳವೇ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ.

ನಮ್ಮ ಒಳಗಿವಿಯಲ್ಲಿ ಅರ್ಧವರ್ತುಲಾಕಾರದ ಮೂರು ಪುಟ್ಟ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿದು, ಅಲ್ಲಿನ ನವಿರು ಕೂದಲುಗಳನ್ನು ಬಾಗಿಸುತ್ತದೆ. ‘ತಿರುಗುತ್ತಿದ್ದೇವೆ’ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ತಿರುಗುವಿಕೆ ಒಂದೇ ಸಮನೆ ಸಾಗಿದರೆ ದ್ರವವೂ ಅದೇ ವೇಗ ಹಿಡಿಯುತ್ತದೆ, ಕೂದಲು ನೆಟ್ಟಗಾಗುತ್ತದೆ, ಸುದ್ದಿ ನಿಲ್ಲುತ್ತದೆ. ತಿರುಗುವಿಕೆ ಬಹಳ ನಿಧಾನವಾಗಿ ಶುರುವಾದರಂತೂ ಸುದ್ದಿ ಹೊರಡುವುದೇ ಇಲ್ಲ. ನೆಲದ ಮೇಲೆ ನಡೆಯುವ ಪ್ರಾಣಿಗೆ ಇಷ್ಟು ಸಾಕು. ಹಾರುವವರಿಗೆ ಸಾಲದು.

ಕತ್ತಲಲ್ಲಿ ಹೀಗಾಗುತ್ತದೆ. ವಿಮಾನ ತಿಳಿಯದಂತೆ ಎಡಕ್ಕೆ ವಾಲುತ್ತದೆ. ವಾಲಿದ ವಿಮಾನ ತಿರುಗುತ್ತಾ ಇಳಿಯತೊಡಗುತ್ತದೆ, ವೇಗ ಹೆಚ್ಚುತ್ತದೆ. ನೆಟ್ಟಗೆ ಹೋಗುತ್ತಿದ್ದೇನೆಂದು ನಂಬಿರುವ ಚಾಲಕ, ಎತ್ತರ ಕಡಿಮೆಯಾಗುತ್ತಿದೆಯಲ್ಲ ಎಂದು ಹಿಡಿಯನ್ನು ತನ್ನತ್ತ ಎಳೆಯುತ್ತಾನೆ. ನೆಟ್ಟಗಿರುವ ವಿಮಾನವಾಗಿದ್ದರೆ ಅದು ಮೇಲೇರುತ್ತಿತ್ತು. ವಾಲಿರುವ ವಿಮಾನದಲ್ಲಿ ಸುತ್ತು ಇನ್ನಷ್ಟು ಬಿಗಿಯಾಗುತ್ತದೆ, ಇಳಿತ ಇನ್ನಷ್ಟು ತೀವ್ರವಾಗುತ್ತದೆ. ಉಳಿಸಿಕೊಳ್ಳಲು ಮಾಡಿದ ಪ್ರಯತ್ನವೇ ಮುಳುವಾಗುತ್ತದೆ.

1999ರ ಜುಲೈ 16ರಂದು ಅಮೆರಿಕದಲ್ಲಿ ನಡೆದದ್ದು ಇದೇ. ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್, ಪತ್ನಿ ಮತ್ತು ಆಕೆಯ ಅಕ್ಕನನ್ನು ಕೂರಿಸಿಕೊಂಡು, ಪೈಪರ್ ಸರಟೋಗ ಎಂಬ ಒಂದೇ ಎಂಜಿನ್ನಿನ ವಿಮಾನವನ್ನು ತಾವೇ ನಡೆಸುತ್ತಾ ನ್ಯೂಜೆರ್ಸಿಯಿಂದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದತ್ತ ಹೊರಟರು. ಹೊರಟಾಗ ಸೂರ್ಯ ಆಗಲೇ ಮುಳುಗಿದ್ದ. ಕಡಲ ಮೇಲೆ ಮಂಜು ಕವಿದಿತ್ತು. ಅದೇ ಸಂಜೆ ಆ ಕಡೆ ಹಾರಿದ್ದ ಇನ್ನೊಬ್ಬ ಚಾಲಕ, ದ್ವೀಪದ ಮೇಲೆ ಒಂದು ದೀಪವೂ ಕಾಣದೆ, ಅಲ್ಲಿ ವಿದ್ಯುತ್ ಹೋಗಿರಬೇಕೆಂದು ಭಾವಿಸಿದ್ದಾಗಿ ತನಿಖೆಯಲ್ಲಿ ಹೇಳಿದ. ಕೆನಡಿ ಅವರ ಹಾರಾಟದ ಅನುಭವ ಸುಮಾರು 310 ಗಂಟೆ. ಉಪಕರಣಗಳನ್ನಷ್ಟೇ ನೋಡಿ ಹಾರುವ ಅರ್ಹತೆಯನ್ನು ಅವರು ಇನ್ನೂ ಪಡೆದಿರಲಿಲ್ಲ. ಅಂದು ಜೊತೆಗೆ ಬರುತ್ತೇನೆಂದು ಬೋಧಕರೊಬ್ಬರು ಹೇಳಿದ್ದರು. ಒಬ್ಬನೇ ಹೋಗುತ್ತೇನೆಂದು ಅವರು ಬೇಡವೆಂದಿದ್ದರು. ರಾತ್ರಿ 9.41ರ ಹೊತ್ತಿಗೆ ವಿಮಾನ ಸುತ್ತುತ್ತಾ ನೀರಿಗಪ್ಪಳಿಸಿತು. ಮೂವರೂ ತೀರಿಕೊಂಡರು. ದಿಕ್ಕಿನ ಭ್ರಮೆಯಿಂದ ಚಾಲಕ ಹತೋಟಿ ಕಳೆದುಕೊಂಡದ್ದೇ ಕಾರಣವೆಂದು ತನಿಖಾ ಸಂಸ್ಥೆ ತೀರ್ಮಾನಿಸಿತು. ರಾತ್ರಿ ಮತ್ತು ಮಂಜು ಅದಕ್ಕೆ ನೆರವಾದವು. ಯಂತ್ರದಲ್ಲಿ ದೋಷ ಸಿಗಲಿಲ್ಲ.

ಗಾಜಿನ ಹಿಂದಿನ ಬುಗುರಿ

ದೇಹ ಸುಳ್ಳು ಹೇಳಿದಾಗ ನಿಜ ಹೇಳುವುದಕ್ಕೆಂದೇ ಒಂದು ಉಪಕರಣವಿದೆ. ಅದರ ಹೆಸರು ಕೃತಕ ದಿಗಂತ. ಚಾಲಕನ ಮುಂದಿನ ಫಲಕದಲ್ಲಿ ಗುಂಡನೆಯ ಗಾಜಿನ ಹಿಂದೆ, ಮೇಲರ್ಧ ಆಕಾಶದ ನೀಲಿ, ಕೆಳಗರ್ಧ ಮಣ್ಣಿನ ಕಂದು. ನಡುವಿನ ಗೆರೆಯೇ ದಿಗಂತ. ವಿಮಾನ ಹೇಗೇ ಹೊರಳಾಡಲಿ, ಆ ಗೆರೆ ಮಾತ್ರ ನಿಜವಾದ ದಿಗಂತಕ್ಕೆ ಸಮನಾಗಿಯೇ ಉಳಿಯುತ್ತದೆ.

ಇದರ ಗುಟ್ಟು ನಮ್ಮ ಹಳ್ಳಿಯ ಮಕ್ಕಳಿಗೆ ಗೊತ್ತಿರುವುದೇ. ಚಾಟಿ ಸುತ್ತಿ ಬಿಟ್ಟ ಬುಗುರಿ ತಿರುಗುವಷ್ಟು ಹೊತ್ತು ಒಂಟಿ ಮೊಳೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ವೇಗವಾಗಿ ತಿರುಗುವ ವಸ್ತು ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಂಥ ಬುಗುರಿಯನ್ನು ಎಲ್ಲ ಕಡೆಗೂ ಹೊರಳಬಲ್ಲ ಚೌಕಟ್ಟಿನಲ್ಲಿ ಕೂರಿಸಿದರೆ ಅದೇ ಗೈರೋಸ್ಕೋಪ್. ಚೌಕಟ್ಟು ವಿಮಾನದೊಂದಿಗೆ ವಾಲುತ್ತದೆ, ಬುಗುರಿ ವಾಲುವುದಿಲ್ಲ. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ಎಂಬ ಅಮೆರಿಕನ್ ಚಾಲಕ, ಹೊರಗಿನದೇನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು, ಇಂಥ ಉಪಕರಣಗಳನ್ನಷ್ಟೇ ನೋಡುತ್ತಾ ಮೇಲೇರಿ, ಸುತ್ತು ಹಾಕಿ, ಕೆಳಗಿಳಿದು ತೋರಿಸಿದ. ಇಂದಿನ ವಿಮಾನಗಳಲ್ಲಿ ಬುಗುರಿಯ ಜಾಗಕ್ಕೆ ಬೆಳಕಿನ ಕಿರಣಗಳೂ ಎಲೆಕ್ಟ್ರಾನಿಕ್ ಪರದೆಗಳೂ ಬಂದಿವೆ. ಕೆಲಸ ಮಾತ್ರ ಅದೇ.

ಉಪಕರಣ ಇದ್ದರೆ ಸಾಲದು, ಅದನ್ನು ನಂಬಲು ಕಲಿಯಬೇಕು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣ ಹಾರಾಟ ಕಲಿಯದ 20 ಜನ ಚಾಲಕರನ್ನು ಪರೀಕ್ಷಿಸಿದರು. ಹೊರಗಿನದು ಕಾಣದಂತೆ ಮಾಡಿ, ಪಕ್ಕದಲ್ಲಿ ಬೋಧಕರನ್ನು ಕೂರಿಸಿ ಹಾರಾಟಕ್ಕೆ ಬಿಟ್ಟರು. ಇಪ್ಪತ್ತು ಜನರೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲ ಸರಾಸರಿ 178 ಸೆಕೆಂಡು, ಎಂದರೆ ಮೂರು ನಿಮಿಷಕ್ಕೂ ಕಡಿಮೆ. ನಂತರ ಅವರಿಗೆ ಒಂದು ಪಾಠ ಹೇಳಿಕೊಟ್ಟರು: ಗಾಬರಿಯಾಗದೆ, ಉಪಕರಣಗಳನ್ನು ನೋಡುತ್ತಾ, ನಿಧಾನವಾಗಿ 180 ಡಿಗ್ರಿ ತಿರುಗಿ, ಬಂದ ದಾರಿಯಲ್ಲೇ ವಾಪಸು ಬರುವುದು. ಕೆಲವು ಗಂಟೆಗಳ ಅಭ್ಯಾಸದ ಮೇಲೆ ಬಹುತೇಕ ಎಲ್ಲರೂ ಅದನ್ನು ಸುರಕ್ಷಿತವಾಗಿ ಮಾಡಿದರು. ಸಾವಿಗೂ ಬದುಕಿಗೂ ನಡುವೆ ಇದ್ದದ್ದು ಆ ಕೆಲವು ಗಂಟೆಗಳ ಪಾಠ, ಅಷ್ಟೇ.

ಹಾಗೆಂದು ಉಪಕರಣವನ್ನೂ ಕುರುಡಾಗಿ ನಂಬುವಂತಿಲ್ಲ. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ಬೋಯಿಂಗ್ 747 ‘ಎಂಪರರ್ ಅಶೋಕ’ ಮೇಲೇರಿದ ಎರಡು ನಿಮಿಷದೊಳಗೆ ಬಾಂದ್ರಾದ ಎದುರಿನ ಕಡಲಿಗೆ ಬಿದ್ದು 213 ಮಂದಿ ಸತ್ತರು. ಕ್ಯಾಪ್ಟನ್ನರ ಮುಂದಿದ್ದ ಕೃತಕ ದಿಗಂತವೇ ಅಂದು ಕೆಟ್ಟಿತ್ತು. ವಿಮಾನ ಬಲಕ್ಕೆ ವಾಲಿದೆಯೆಂದು ತಿಳಿದು ಅವರು ಎಡಕ್ಕೆ ಹೊರಳಿಸುತ್ತಲೇ ಹೋದರು. ಹೊರಗೆ ನೋಡಿ ತಿದ್ದಿಕೊಳ್ಳೋಣವೆಂದರೆ ಕಡಲು ಕಪ್ಪಾಗಿತ್ತು. ಫಲಕದಲ್ಲಿ ಬೇರೆ ಕೃತಕ ದಿಗಂತಗಳಿದ್ದವು. ಹೋಲಿಸಿ ನೋಡಲು ಹೊತ್ತು ಸಾಲಲಿಲ್ಲ. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯನ್ನು ಚಾಲಕರ ಕೊಠಡಿಯಲ್ಲಿ ಬರೆದು ಹಾಕಬಹುದು. ಒಂದು ಉಪಕರಣ ಹೇಳಿದ್ದನ್ನು ಇನ್ನೆರಡರಿಂದ ತಾಳೆ ನೋಡುವುದು ಚಾಲಕರ ಮೊದಲ ಶಿಸ್ತು.

ನೀರಿಗೆ ಬಿದ್ದರೆ

ನೀರು ಮೆತ್ತಗಿರುತ್ತದೆಂಬುದು ಕೆರೆಗೆ ಹಾರಿದವರ ಅನುಭವ. ಆದರೆ ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗವಾಗಿ ಬಂದು ಬಡಿಯುವ ವಿಮಾನಕ್ಕೆ ಅದು ಸರಿದು ದಾರಿ ಬಿಡುವಷ್ಟು ಸಮಯವೇ ಇರುವುದಿಲ್ಲ. ಹೆಚ್ಚುಕಡಿಮೆ ನೆಲದಂತೆಯೇ ವರ್ತಿಸುತ್ತದೆ. ನಿಧಾನವಾಗಿ ಇಳಿಸಿದರೂ ಕಷ್ಟ ಮುಗಿಯುವುದಿಲ್ಲ. ಅಲೆಗೆ ಸಿಕ್ಕಿ ವಿಮಾನ ಮಗುಚಬಹುದು. ಎಂಜಿನ್ನಿನ ಭಾರ ನೆತ್ತಿಯ ಮೇಲಿರುವ ಹೆಲಿಕಾಪ್ಟರ್ ಬಹಳ ಸಲ ತಲೆಕೆಳಗಾಗಿಯೇ ಮುಳುಗುತ್ತದೆ. ಕತ್ತಲಲ್ಲಿ, ನೀರೊಳಗೆ, ತಲೆಕೆಳಗಾಗಿ ಬೆಲ್ಟು ಬಿಚ್ಚಿ ಬಾಗಿಲು ಹುಡುಕಬೇಕು. ಆದ್ದರಿಂದಲೇ ಕಡಲ ಮೇಲೆ ಹಾರುವವರನ್ನು ಈಜುಕೊಳದಲ್ಲಿ ಮುಳುಗಿಸಿ ಮಗುಚುವ ಡಬ್ಬಿಯಂಥ ಕ್ಯಾಬಿನ್ನಿನೊಳಗೆ ಕೂರಿಸಿ ಅಭ್ಯಾಸ ಮಾಡಿಸುತ್ತಾರೆ. ಒಂದು ಕೈ ಕಿಟಕಿಯ ಅಂಚಿನ ಮೇಲೆ, ಇನ್ನೊಂದು ಕೈ ಬೆಲ್ಟಿನ ಮೇಲೆ. ದಿಕ್ಕು ತಪ್ಪದಿರಲು ಅದೇ ದಾರಿ.

ದಡದ ಹತ್ತಿರವೆಂದು ಮೈಮರೆಯುವಂತೆಯೂ ಇಲ್ಲ. 2020ರ ಅಕ್ಟೋಬರ್ 2ರಂದು ನಮ್ಮ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಮೋಟರು ಕಟ್ಟಿದ ಪ್ಯಾರಾಗ್ಲೈಡರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಕ್ಯಾಪ್ಟನ್ ಒಬ್ಬರು ಮೃತಪಟ್ಟರು. ಜೊತೆಗಿದ್ದ ಚಾಲಕ ಬದುಕುಳಿದರು. ಕಡಲನ್ನು ಬಲ್ಲವರಿಗೂ ಕಡಲು ರಿಯಾಯಿತಿ ತೋರುವುದಿಲ್ಲ.

ಪ್ರಯಾಣಿಕರಾಗಿ ವಿಮಾನ ಹತ್ತುವ ಎಲ್ಲರೂ ನೆನಪಿಡಬೇಕಾದ ಮಾತೊಂದಿದೆ. ಜೀವರಕ್ಷಕ ಕವಚವನ್ನು ವಿಮಾನದೊಳಗೆ ಊದಿಸಬಾರದು. 1996ರ ನವೆಂಬರ್ 23ರಂದು ಅಪಹರಣಕ್ಕೊಳಗಾದ ಇಥಿಯೋಪಿಯಾದ ವಿಮಾನವೊಂದು ಇಂಧನ ಮುಗಿದು ಕೊಮೊರೊಸ್ ದ್ವೀಪದ ಬಳಿ ಕಡಲಿಗಿಳಿಯಿತು. ಒಳಗೇ ಕವಚ ಊದಿಸಿಕೊಂಡವರು ನೀರು ನುಗ್ಗಿದಾಗ ತೇಲಿ ಛಾವಣಿಗೆ ಸಿಕ್ಕಿಕೊಂಡರು, ಮುಳುಗಿ ಬಾಗಿಲಿಗೆ ಬರಲಾಗಲಿಲ್ಲ. ಗಗನಸಖಿ ಕೈಸನ್ನೆಯಲ್ಲಿ ಹೇಳುವುದನ್ನು ಕಿಟಕಿಯಾಚೆ ನೋಡುತ್ತಾ ಕಡೆಗಣಿಸಬೇಡಿ.

ಹುಡುಕುವವರಿಗೆ ಗೊತ್ತಾಗುವುದು ಹೇಗೆ?

ಗೋವಾದ ಅಪಘಾತವಾಗಿ ಎರಡೂವರೆ ತಿಂಗಳು ಕಳೆದಿತ್ತು. 2015ರ ಜೂನ್ 8ರಂದು ಕರಾವಳಿ ರಕ್ಷಣಾ ಪಡೆಯ ಇನ್ನೊಂದು ಡಾರ್ನಿಯರ್ ಚೆನ್ನೈನಿಂದ ಹೊರಟು ತಮಿಳುನಾಡಿನ ಕರಾವಳಿಯ ಗಸ್ತು ಮುಗಿಸಿ ಮರಳುವಾಗ, ರಾತ್ರಿ ಒಂಬತ್ತು ದಾಟಿದ ಮೇಲೆ, ರೇಡಾರಿನಿಂದ ಕಣ್ಮರೆಯಾಯಿತು. ಮೂವರು ಅಧಿಕಾರಿಗಳು ಅದರಲ್ಲಿದ್ದರು. ಅವರ ಮನೆಯವರು ಒಂದು ತಿಂಗಳಿಗೂ ಹೆಚ್ಚು ಕಾಲ ಏನೊಂದೂ ತಿಳಿಯದೆ ಕಾದರು. ಜಲಾಂತರ್ಗಾಮಿ ಐಎನ್‌ಎಸ್ ಸಿಂಧುಧ್ವಜ್ ಕಡಲಾಳದಿಂದ ಬರುತ್ತಿದ್ದ ಕ್ಷೀಣ ಸಂಕೇತವನ್ನು ಆಲಿಸಿತು. ಕಡೆಗೆ ಜುಲೈ ತಿಂಗಳಿನಲ್ಲಿ, ಆಳ ಸಮುದ್ರದಲ್ಲಿ ಕೆಲಸ ಮಾಡುವ ಖಾಸಗಿ ಹಡಗು ‘ಒಲಿಂಪಿಕ್ ಕ್ಯಾನ್ಯನ್’ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ ಅವಶೇಷಗಳನ್ನೂ ಕಪ್ಪುಪೆಟ್ಟಿಗೆಯನ್ನೂ ಕಂಡುಹಿಡಿಯಿತು. ಕಪ್ಪುಪೆಟ್ಟಿಗೆಯ ಬಣ್ಣ ಕಪ್ಪಲ್ಲ, ಕಣ್ಣಿಗೆ ಹೊಡೆಯುವ ಕಿತ್ತಳೆ. ಅದಕ್ಕೆ ಜೋಡಿಸಿದ ಪುಟ್ಟ ಯಂತ್ರ ನೀರು ತಾಕಿದೊಡನೆ ಸೆಕೆಂಡಿಗೊಮ್ಮೆ ‘ಟಿಕ್’ ಎನ್ನತೊಡಗುತ್ತದೆ. ಅದರ ಧ್ವನಿ 37.5 ಕಿಲೋಹರ್ಟ್ಸ್, ಮನುಷ್ಯನ ಕಿವಿಗೆ ಕೇಳದು, ಸೋನಾರ್‌ಗೆ ಕೇಳುತ್ತದೆ. ಹಳೆಯ ಯಂತ್ರಗಳ ಬ್ಯಾಟರಿ ಬಾಳುತ್ತಿದ್ದುದು 30 ದಿನ. ಹುಡುಕುವವರಿಗೆ ಅದು ಸಾಲದೆಂದು ಮನಗಂಡು ಈಗ ಅದನ್ನು 90 ದಿನಕ್ಕೇರಿಸಲಾಗಿದೆ.

ಬದುಕಿರುವವರನ್ನು ಹುಡುಕಲು ಇನ್ನೊಂದು ಏರ್ಪಾಡಿದೆ. ವಿಮಾನದಲ್ಲಿರುವ ತುರ್ತು ಪ್ರೇಷಕ 406 ಮೆಗಾಹರ್ಟ್ಸ್ ತರಂಗಾಂತರದಲ್ಲಿ ಕೂಗಿಕೊಳ್ಳುತ್ತದೆ. ಕೋಸ್ಪಾಸ್–ಸಾರ್ಸಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯ ಉಪಗ್ರಹಗಳು ಆ ಕೂಗನ್ನು ಕೇಳಿಸಿಕೊಳ್ಳುತ್ತವೆ. ಭಾರತದ ಮಟ್ಟಿಗೆ ಆ ಸಂದೇಶಗಳನ್ನೆಲ್ಲ ಸ್ವೀಕರಿಸಿ ರಕ್ಷಣಾ ತಂಡಗಳಿಗೆ ತಲುಪಿಸುವ ಕೇಂದ್ರ ಎಲ್ಲಿದೆ ಗೊತ್ತೆ? ಕೋರದಿಂದ ಎರಡು ಗಂಟೆಯ ಹಾದಿಯ ಬೆಂಗಳೂರಿನಲ್ಲಿ, ಇಸ್ರೊದ ಇಸ್ಟ್ರಾಕ್ ಸಂಸ್ಥೆಯಲ್ಲಿ. ಆದರೆ ರೇಡಿಯೊ ತರಂಗ ಸಮುದ್ರದ ನೀರನ್ನು ತೂರಿ ಬರಲಾರದು. ಪ್ರೇಷಕ ವಿಮಾನದೊಂದಿಗೇ ಮುಳುಗಿದರೆ ಕೂಗು ಅಲ್ಲಿಗೇ ಮುಗಿಯುತ್ತದೆ. ಅದಕ್ಕಾಗಿಯೇ ಚಾಲಕರು ಮೈಮೇಲೆ ಧರಿಸುವ ಪುಟ್ಟ ಪ್ರೇಷಕಗಳು ಬಂದಿವೆ. ಮೀನುಗಾರರಿಗಾಗಿಯೂ ಇಸ್ರೊ ಇಂಥ ಅಪಾಯಸೂಚಕ ಯಂತ್ರವನ್ನು ರೂಪಿಸಿದೆ. ಇಷ್ಟೆಲ್ಲ ಇದ್ದರೂ ಅಂದು ಗೋವಾದ ಕಡಲಲ್ಲಿ ಒಂದು ಜೀವ ಉಳಿದದ್ದು ಮೀನುಗಾರರ ಕಣ್ಣಿನಿಂದ ಮತ್ತು ಅವರ ದೋಣಿಯಿಂದ ಎಂಬುದನ್ನು ಮರೆಯಬಾರದು.

ತಂದೆತಾಯಂದಿರಿಗೆ, ಮಕ್ಕಳಿಗೆ

ಇದನ್ನೆಲ್ಲ ಓದಿ ಮಕ್ಕಳನ್ನು ಹೆದರಿಸಿ ಕೂರಿಸುವುದು ಬೇಡ. ಮೇಲೆ ಹೇಳಿದ ಒಂದೊಂದು ಸಾವೂ ಒಂದೊಂದು ಪಾಠ ಕಲಿಸಿದೆ, ಆ ಪಾಠಗಳಿಂದಲೇ ಹಾರಾಟ ಇಂದು ಇಷ್ಟು ಸುರಕ್ಷಿತವಾಗಿದೆ. ನಮ್ಮ ದೇಶದಲ್ಲಿ ವಾಣಿಜ್ಯ ಚಾಲಕ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ರಾತ್ರಿ ಹಾರಾಟ, ಉಪಕರಣ ಹಾರಾಟ ಅದರೊಳಗೇ ಸೇರಿವೆ. ಖರ್ಚು ದೊಡ್ಡದು, ಜಮೀನು ಅಡವಿಟ್ಟು, ಬ್ಯಾಂಕಿನ ಸಾಲ ತಂದು ಕಲಿಸುವವರಿದ್ದಾರೆ. ತರಬೇತಿ ಶಾಲೆಗೆ ಸೇರಿಸುವ ಮುನ್ನ ಶುಲ್ಕವೆಷ್ಟು, ಕೆಲಸ ಯಾವಾಗ ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಇನ್ನೂ ಎರಡು ಪ್ರಶ್ನೆ ಕೇಳಿ. ಉಪಕರಣ ಹಾರಾಟವನ್ನು ಪುಸ್ತಕದಲ್ಲಿ ತುಂಬಿಸುವ ಗಂಟೆಯಾಗಿ ನೋಡುತ್ತಾರೋ, ಕೈಗೆ ಬರುವ ತನಕ ಕಲಿಸುತ್ತಾರೋ? ಹವೆ ಸರಿಯಿಲ್ಲವೆಂದು ವಿದ್ಯಾರ್ಥಿಯೊಬ್ಬ ಹಾರಾಟ ಬೇಡವೆಂದರೆ ಅಲ್ಲಿ ಅವನನ್ನು ಹೀಗಳೆಯುತ್ತಾರೋ, ಬೆನ್ನು ತಟ್ಟುತ್ತಾರೋ?

ಈ ಎರಡನೆಯ ಪ್ರಶ್ನೆ ಮನೆಗೂ ಸಲ್ಲುತ್ತದೆ. ‘ಇಷ್ಟು ದುಡ್ಡು ಸುರಿದಿದ್ದೇವೆ, ಹೆದರಿ ಹಿಂದೆ ಬಂದೆಯಾ?’ ಎಂದು ಕೇಳುವ ಮನೆಯಲ್ಲಿ ಬೆಳೆದ ಮಗು, ವಾಪಸು ತಿರುಗಬೇಕಾದ ಹೊತ್ತಿನಲ್ಲಿ ಮುಂದೆ ಹೋಗುತ್ತದೆ. ಇಲಿನಾಯ್‌ನ ಆ ಇಪ್ಪತ್ತು ಚಾಲಕರು ಕಲಿತದ್ದು ಮುಂದೆ ಹೋಗುವುದನ್ನಲ್ಲ, ಹಿಂತಿರುಗುವುದನ್ನು.

ಮಕ್ಕಳಿಗೊಂದು ಮಾತು. ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ಆವರ್ತ ಚಲನೆಯ ಪಾಠವಿದೆ. ಕೋನೀಯ ಸಂವೇಗ ಎಂಬ ಕಷ್ಟದ ಮಾತು ಅಲ್ಲಿ ಬರುತ್ತದೆ. ಪರೀಕ್ಷೆಗೆ ಬರುವುದಿಲ್ಲವೆಂದು ಅದನ್ನು ಬಿಟ್ಟುಬಿಡಬೇಡಿ. ಕಪ್ಪು ಕಡಲಿನ ಮೇಲೆ, ಕಣ್ಣೂ ಕಿವಿಯೂ ತಪ್ಪು ಹೇಳುವಾಗ ಚಾಲಕಿಗೆ ಮೇಲು ಕೆಳಗು ತಿಳಿಸುವುದು ಅದೇ ಪಾಠ.